ಪ್ರೇಮಕವಿಯ ಬದುಕು, ಬರಹ, ಸಂಪಾದನೆ: ಬೆಂಗಳೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡದಲ್ಲಿ ಪ್ರೇಮಕವಿತೆ ಓದಿಸಿಕೊಂಡಷ್ಟೇ ಹಾಡಿಸಿಕೊಂಡೂ ಬೆಳೆದಿದೆ. ಹಾಗಾಗಿ ಇಲ್ಲಿ ಪ್ರೇಮಕವಿಯಾಗಿ ಬಾಳುವವರಿಗೆ ಎರಡು ವಿಷಯ ಚೆನ್ನಾಗಿ ಗೊತ್ತಿರಬೇಕು: ಮಾತ್ರೆಯ (ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆ) ಲೆಕ್ಕ ಮತ್ತು ಹಕ್ಕಿನ ಲೆಕ್ಕ. ಕೆಳಗಿನ ಉತ್ತರಗಳಲ್ಲಿ ಇವೆರಡಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರೇಮಕವಿ ಅಂದರೆ ಯಾರು? ರಮ್ಯ ಕವಿ ಅನ್ನುವುದೂ ಅದನ್ನೇ ಅಲ್ಲವೆ?

ಪೂರ್ತಿ ಅಲ್ಲ. ರಮ್ಯ ಕಾವ್ಯ ಅನ್ನುವುದು ನವೋದಯದ ಮಾತು. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬಂದ ಮೇಲೆ ಪ್ರಕೃತಿ, ಬೆರಗು, ಪ್ರೇಮ, ನಾಡು ಎಲ್ಲವೂ ಭಾವಗೀತೆಯ ವಸ್ತುಗಳಾದವು. ಪ್ರೇಮ ಅವುಗಳಲ್ಲಿ ಒಂದು. ಅದನ್ನೇ ಹಿಡಿದು ಅಷ್ಟೂ ಉದ್ದಕ್ಕೆ ನಡೆದವರು ಕೆ.ಎಸ್. ನರಸಿಂಹಸ್ವಾಮಿ. ಮಂಡ್ಯ ಜಿಲ್ಲೆಯ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿ, 1942ರಲ್ಲಿ ‘ಮೈಸೂರ ಮಲ್ಲಿಗೆ’ ಕೊಟ್ಟು, ಬಾಳಿನ ಕೊನೆಯ ದಶಕಗಳನ್ನು ಬೆಂಗಳೂರಿನಲ್ಲಿ ಕಳೆದರು. ಇಂದು ಪ್ರೇಮಕವಿ ಅನ್ನುವ ಮಾತು ಪುಸ್ತಕ, ಭಾವಗೀತೆ, ಸಿನಿಮಾ ಹಾಡು ಈ ಮೂರರಲ್ಲಿ ಯಾವುದರಲ್ಲಿ ಕೆಲಸ ಮಾಡುವವರಿಗೂ ಸಲ್ಲುತ್ತದೆ. ಜಯಂತ ಕಾಯ್ಕಿಣಿಯವರು ಮೂರರಲ್ಲೂ ಇದ್ದಾರೆ. ಅವರ ಮೊದಲ ಸಂಕಲನ ಬಂದದ್ದು 1974ರಲ್ಲಿ. ‘ಮುಂಗಾರು ಮಳೆ’ಯ ಹಾಡಿನಿಂದ ಮನೆಮನೆಗೆ ಗೊತ್ತಾದದ್ದು 2006ರಲ್ಲಿ. ನಡುವಿನ ಮೂವತ್ತೆರಡು ವರ್ಷವನ್ನು ಲೆಕ್ಕಕ್ಕೆ ಹಿಡಿಯದೆ ಹೊಸಬರು ಅವಸರ ಪಡುತ್ತಾರೆ.

ಕವಿತೆ ಬರೆದೇ ಜೀವನ ನಡೆಸಬಹುದಾ?

ಪುಸ್ತಕದಿಂದ ಆಗುವುದಿಲ್ಲ. ಲೆಕ್ಕ ಹಾಕಿ ನೋಡಿ. 150 ರೂಪಾಯಿ ಬೆಲೆಯ ಸಂಕಲನ 500 ಪ್ರತಿ ಮಾರಾಟವಾಯಿತು, ರಾಯಲ್ಟಿ ಮುಖಬೆಲೆಯ ಶೇ 10 ಅಂದುಕೊಳ್ಳಿ. ಕೈಗೆ ಬರುವುದು 7,500 ರೂಪಾಯಿ. ಅದೂ ಎಷ್ಟೋ ಸಲ ಹಣದ ಬದಲು ಪುಸ್ತಕದ ಪ್ರತಿಗಳ ರೂಪದಲ್ಲಿ ಬರುತ್ತದೆ.

ಹಿರಿಯರೆಲ್ಲ ಬೇರೆ ಕೆಲಸ ಇಟ್ಟುಕೊಂಡೇ ಬರೆದರು. ನರಸಿಂಹಸ್ವಾಮಿ ಸರ್ಕಾರಿ ಕಚೇರಿಯ ನೌಕರರು. ನಿಸಾರ್ ಅಹಮದ್ ಭೂವಿಜ್ಞಾನದ ಮೇಷ್ಟ್ರು. ಎಚ್.ಎಸ್. ವೆಂಕಟೇಶಮೂರ್ತಿ ಬೆಂಗಳೂರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದರು. ಕಾಯ್ಕಿಣಿ ಮುಂಬೈಯಲ್ಲಿ ಜೀವರಸಾಯನ ವಿಜ್ಞಾನದ ಉದ್ಯೋಗ ಮಾಡಿದರು. ಸಿನಿಮಾ ಹಾಡು, ಜಾಹೀರಾತಿನ ಪದ, ಧಾರಾವಾಹಿಯ ಶೀರ್ಷಿಕೆ ಗೀತೆ, ಅನುವಾದ ಇವುಗಳಿಂದ ದುಡ್ಡು ಬರುತ್ತದೆ, ಆದರೆ ತಿಂಗಳು ತಿಂಗಳು ಬರುವುದಿಲ್ಲ. ಮನೆ ಬಾಡಿಗೆಯನ್ನು ಕವಿತೆಯ ಮೇಲೆ ಹೊರಿಸಬೇಡಿ. ಆ ಭಾರಕ್ಕೆ ಒಳ್ಳೆಯ ಕವಿಯೂ ವಾರಕ್ಕೆರಡು ಸಡಿಲ ಹಾಡು ಬರೆಯಬೇಕಾಗುತ್ತದೆ.

ಕವಿತೆಯಲ್ಲಿ ಬರುವ ಹುಡುಗಿ ಯಾರು? ಎಲ್ಲ ಸ್ವಂತ ಕತೆಯೇ?

‘ಮೈಸೂರ ಮಲ್ಲಿಗೆ’ಯ ಪದುಮ ಕನ್ನಡಿಗರಿಗೆಲ್ಲ ಪರಿಚಿತಳು. ಕವಿಯ ಪತ್ನಿಯ ಹೆಸರು ವೆಂಕಮ್ಮ. ಮದುವೆಯ ಮೊದಮೊದಲ ದಿನಗಳು, ಮಾವನ ಮನೆ, ತವರಿಗೆ ಹೋದವಳ ನೆನಪು, ಹೀಗೆ ತನ್ನ ಕಾಲದ ಎಲ್ಲರ ಮನೆಯಲ್ಲೂ ನಡೆಯುತ್ತಿದ್ದುದನ್ನು ಕವಿ ಒಂದು ದನಿಗೆ ಕೊಟ್ಟರು. ಆ ದನಿ ಕವಿಯದೂ ಹೌದು, ಓದುವವರದೂ ಹೌದು.

ನೀವು ಬರೆಯುವಾಗ ಒಂದು ಎಚ್ಚರ ಇರಲಿ. ನಿಜವಾದ ಹೆಸರು, ಅವರು ಓದಿದ ಕಾಲೇಜು, ಇರುವ ಬೀದಿ, ಗುರುತು ಸಿಗುವ ಮೈಕಲೆ ಇವುಗಳನ್ನು ಒಂದೇ ಕವಿತೆಯಲ್ಲಿ ತರಬೇಡಿ. ತರಲೇಬೇಕು ಅನ್ನಿಸಿದರೆ ಆ ವ್ಯಕ್ತಿಗೆ ಮೊದಲು ಓದಿ ಹೇಳಿ, ಒಪ್ಪಿಗೆ ಪಡೆಯಿರಿ. ಮುರಿದ ಸಂಬಂಧದ ಬಗ್ಗೆ ಬರೆದದ್ದನ್ನು ಅದೇ ವಾರ ಫೇಸ್‌ಬುಕ್‌ಗೆ ಹಾಕುವುದು ಅನ್ಯಾಯ. ಎದುರಿನವರಿಗೆ ಉತ್ತರ ಕೊಡಲು ಕವಿತೆ ಇರುವುದಿಲ್ಲ.

ಛಂದಸ್ಸು ಕಲಿಯಲೇಬೇಕಾ? ಈಗ ಎಲ್ಲರೂ ಗದ್ಯದ ಹಾಗೇ ಬರೀತಾರಲ್ಲ?

ಮುಕ್ತಛಂದ ಬರೆಯುವವರೂ ಕಲಿಯಬೇಕು ಅನ್ನುವುದು ನಮ್ಮ ಖಚಿತ ಅಭಿಪ್ರಾಯ. ಹಾಡಾಗಬೇಕು ಅಂದರಂತೂ ಬೇರೆ ದಾರಿಯಿಲ್ಲ. ಕಲಿಯಬೇಕಾದದ್ದು ಬಹಳವೂ ಇಲ್ಲ.

ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ಅದು ಲಘು. ದೀರ್ಘಕ್ಕೆ ಎರಡು, ಅದು ಗುರು. ಒತ್ತಕ್ಷರದ ಹಿಂದಿನ ಅಕ್ಷರ, ಸೊನ್ನೆ ಇರುವ ಅಕ್ಷರ, ವಿಸರ್ಗ ಇರುವ ಅಕ್ಷರ, ಅರ್ಧಾಕ್ಷರವನ್ನು ಎಳೆದುಕೊಳ್ಳುವ ಅಕ್ಷರ ಇವೂ ಗುರು. ಎ, ಒ ಹ್ರಸ್ವ. ಐ, ಔ ಗುರು. ಇಷ್ಟು ಗೊತ್ತಾದರೆ ಸಾಲನ್ನು ಗಣಗಳಾಗಿ, ಅಂದರೆ ಮಾತ್ರೆಗಳ ಗುಂಪುಗಳಾಗಿ, ಕತ್ತರಿಸಬಹುದು.

ಮೂರು, ನಾಲ್ಕು ಮಾತ್ರೆಗಳ ನಡಿಗೆ ತಗೊಳ್ಳಿ:

ಮಳೆಯ | ಹನಿಯಲಿ | ನಿನ್ನ | ಹೆಸರಿದೆ

3, 4, 3, 4. ಒಟ್ಟು 14. ಭಾಮಿನಿ ಷಟ್ಪದಿಯ ಮೊದಲ ಸಾಲಿನ ಅಳತೆ ಇದು. ಅದರ 1, 2, 4, 5ನೇ ಸಾಲುಗಳಿಗೆ 14 ಮಾತ್ರೆ. 3 ಮತ್ತು 6ನೇ ಸಾಲುಗಳಲ್ಲಿ ಇದೇ ನಡಿಗೆ ಮೂರು ಜೊತೆ ಓಡಿ ಕೊನೆಗೊಂದು ಗುರು, ಒಟ್ಟು 23. ಈಗ ‘ಹನಿಯಲಿ’ ಬದಲು ‘ಹನಿಯಲ್ಲಿ’ ಎಂದು ಬರೆಯಿರಿ. ಯಲ್ ಗುರುವಾಗಿ ಗಣ ಐದು ಮಾತ್ರೆಗೆ ಹಿಗ್ಗುತ್ತದೆ, ಹಾಡುವವರು ಅಲ್ಲಿ ಎಡವುತ್ತಾರೆ. ಹೊಸಬರ ಸಾಲು ತಾಳ ತಪ್ಪುವುದು ಹೆಚ್ಚಾಗಿ ಈ ‘ಅಲ್ಲಿ’ ಮತ್ತು ‘ಅಲಿ’ಯಲ್ಲೇ. ಆಡುಮಾತಿನ ‘ಅಲ್ಲಿ’ಯೇ ಇಷ್ಟವಾದರೆ ಇಡೀ ಕವಿತೆಯ ನಡಿಗೆ ಬದಲಿಸಿಕೊಳ್ಳಿ. ಐದೈದರ ನಡಿಗೆಯಲ್ಲಿ ಅಂಥ ಪದಗಳಿಗೆ ಜಾಗ ಇದೆ:

ಮಳೆಹನಿಯ | ಮೇಲೆಲ್ಲ | ನಿನ್ನ ಹೆಸ | ರೇ ಇದೆಯೆ

ನಾಲ್ಕು ಗಣ, ತಲಾ ಐದು, ಲಲಿತ ರಗಳೆಯ ಸಾಲು. ಮೂರರ ನಾಲ್ಕು ಗಣ ಆದರೆ ಉತ್ಸಾಹ, ನಾಲ್ಕರ ನಾಲ್ಕು ಗಣ ಆದರೆ ಮಂದಾನಿಲ.

ಇವು ತಾಳಕ್ಕೆ ನೇರವಾಗಿ ಕೂರುತ್ತವೆ. ಮೂರು ನಾಲ್ಕರ ನಡಿಗೆ ಮಿಶ್ರಛಾಪಿಗೆ, ಐದರದು ಖಂಡಛಾಪಿಗೆ, ನಾಲ್ಕರದು ಆದಿತಾಳಕ್ಕೆ ಅಥವಾ ಸುಗಮ ಸಂಗೀತದವರು ಬಳಸುವ ಎಂಟು ಮಾತ್ರೆಯ ಕೆಹರ್ವಾಕ್ಕೆ, ಮೂರರದು ಆರು ಮಾತ್ರೆಯ ದಾದ್ರಾಕ್ಕೆ. ರಾಗ ಹಾಕುವವರು ನಿಮ್ಮ ಕವಿತೆ ಕೈಗೆತ್ತಿಕೊಂಡಾಗ ಮೊದಲು ಹುಡುಕುವುದು ಈ ನಡಿಗೆಯನ್ನು.

ಬೆಂಗಳೂರಿನ ಪದಗಳಿಗೂ ಇದೇ ಲೆಕ್ಕ. ‘ಮೆಟ್ರೋ’ ನಾಲ್ಕು ಮಾತ್ರೆ. ‘ಸಿಗ್ನಲ್’ ನಾಲ್ಕು, ‘ಸಿಗ್ನಲ್ಲು’ ಐದು. ‘ಮೆಜೆಸ್ಟಿಕ್’ ಐದು, ಕೊನೆಗೆ ಉ ಸೇರಿಸಿ ‘ಮೆಜೆಸ್ಟಿಕ್ಕು’ ಅಂದರೆ ಆರು. ಇಂಗ್ಲಿಷಿನಿಂದ ಬಂದ ಪದಗಳು ಹೀಗೆ ಎರಡು ಅಳತೆಯಲ್ಲಿ ಸಿಗುವುದು ಕವಿಗೆ ದೊಡ್ಡ ಅನುಕೂಲ.

ಬೆಂಗಳೂರಲ್ಲಿ ಕೂತು ಮಲ್ಲಿಗೆ, ಬೆಳದಿಂಗಳು ಅಂತ ಬರೆದರೆ ಸುಳ್ಳು ಅನ್ನಿಸುವುದಿಲ್ಲವೆ?

ನೋಡದೆ ಬರೆದರೆ ಅನ್ನಿಸುತ್ತದೆ. ಮಲ್ಲಿಗೆ ಇವತ್ತೂ ಗಾಂಧಿ ಬಜಾರಿನಲ್ಲಿ ಮೊಳದ ಲೆಕ್ಕದಲ್ಲಿ ಸಿಗುತ್ತದೆ, ಆ ಮೊಳ ಮಾರುವವರ ಕೈ ಅಳತೆ. ಆ ಕೈ ಕಂಡರೆ ಮಲ್ಲಿಗೆ ಹೊಸದಾಗುತ್ತದೆ. ಊರಿನ ಹೂವಿನ ಪಂಚಾಂಗವೂ ತಿಳಿದಿರಲಿ: ಹಳದಿ ಟಬೆಬುಯಾ ಫೆಬ್ರುವರಿ, ಮಾರ್ಚ್‌ಗೆ, ಹೊಂಗೆಯ ಹೂ ರಸ್ತೆಗೆ ಸುರಿಯುವುದು ಯುಗಾದಿಯ ಆಸುಪಾಸು, ಗುಲ್‌ಮೊಹರ್ ಏಪ್ರಿಲ್, ಮೇ, ಆಕಾಶಮಲ್ಲಿಗೆ ಮಳೆಗಾಲ ಮುಗಿಯುವಾಗ. ಆಷಾಢದ ಕವಿತೆಯಲ್ಲಿ ಗುಲ್‌ಮೊಹರ್ ಕೆಂಡದಂತೆ ಉರಿದರೆ ಓದುಗರು ಅಲ್ಲಿಗೇ ನಂಬಿಕೆ ಕಳೆದುಕೊಳ್ಳುತ್ತಾರೆ.

ಪತ್ರಿಕೆಗೆ ಕಳಿಸುವುದು ಹೇಗೆ?

ಒಂದು ಸಲಕ್ಕೆ ಎರಡರಿಂದ ಮೂರು ಕವಿತೆ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಒಂದೇ ಕಡತದಲ್ಲಿ. ಹೆಸರು, ವಿಳಾಸ, ಫೋನ್ ನಂಬರ್ ಅದೇ ಕಡತದ ಕೊನೆಗೆ ಇರಲಿ. ಸಾಪ್ತಾಹಿಕ ಪುರವಣಿಗಳಲ್ಲಿ ಜಾಗ ಕಡಿಮೆ, ಇಪ್ಪತ್ತು ಇಪ್ಪತ್ತೈದು ಸಾಲು ಮೀರಿದರೆ ಕೂರುವುದಿಲ್ಲ. ‘ಮಯೂರ’, ‘ತುಷಾರ’ದಂಥ ಮಾಸಿಕಗಳು, ‘ಕೆಂಡಸಂಪಿಗೆ’ಯಂಥ ಜಾಲತಾಣಗಳು ಉದ್ದದ್ದಕ್ಕೂ ಜಾಗ ಕೊಡುತ್ತವೆ. ಒಂದೇ ಕವಿತೆಯನ್ನು ಎರಡು ಕಡೆ ಒಟ್ಟಿಗೆ ಕಳಿಸಬೇಡಿ. ಎರಡೂ ಕಡೆ ಅಚ್ಚಾದರೆ ಎರಡೂ ಬಾಗಿಲು ಮುಚ್ಚುತ್ತವೆ. ಮೂರು ತಿಂಗಳು ಉತ್ತರವಿಲ್ಲದಿದ್ದರೆ ಒಂದು ಸಾಲು ಬರೆದು ತಿಳಿಸಿ ಬೇರೆಡೆ ಕಳಿಸಬಹುದು. ದೀಪಾವಳಿ ವಿಶೇಷಾಂಕಗಳ ಕವನ ಸ್ಪರ್ಧೆಗೆ ಆಹ್ವಾನ ಹಬ್ಬಕ್ಕೆ ಬಹಳ ಮೊದಲೇ, ಮಳೆಗಾಲದಲ್ಲೇ ಬರುತ್ತದೆ. ಜಾಲತಾಣದಲ್ಲಿ ಹಾಕಿದ್ದನ್ನು ಸ್ಪರ್ಧೆಗಳು ಪ್ರಕಟಿತ ಎಂದೇ ಪರಿಗಣಿಸಬಹುದು.

ಕವಿಗೋಷ್ಠಿಯಲ್ಲಿ ಓದುವಾಗ?

ಗಡಿಯಾರ ನೋಡಿ ಮನೆಯಲ್ಲೇ ಓದಿಕೊಳ್ಳಿ. ಮೂರು ನಿಮಿಷದಿಂದ ಐದು ನಿಮಿಷ ಸಿಗುತ್ತದೆ. ಇಪ್ಪತ್ತು ಸಾಲಿನ ಎರಡು ಕವಿತೆ ಸಾಕು. ಪೀಠಿಕೆ ಬೇಡ. ಕವಿತೆ ಹುಟ್ಟಿದ ಸಂದರ್ಭ ವಿವರಿಸುತ್ತಾ ಎರಡು ನಿಮಿಷ ಕಳೆದವರು ಕೊನೆಯ ಚರಣವನ್ನು ಓಡಿಸಿಕೊಂಡು ಮುಗಿಸುತ್ತಾರೆ. ‘ನಯನ’ದಂಥ ಸಭಾಂಗಣದಲ್ಲಿ ಮೈಕಿನಿಂದ ಒಂದು ಗೇಣು ದೂರ ನಿಲ್ಲಿ, ಪ, ಫ, ಭ ಬರುವಲ್ಲಿ ಮುಖ ತುಸು ಓರೆ ಮಾಡಿ, ಇಲ್ಲದಿದ್ದರೆ ಉಸಿರು ಮೈಕಿಗೆ ಬಡಿಯುತ್ತದೆ. ಮೊಬೈಲ್ ನೋಡಿ ಓದುವವರು ಅಕ್ಷರ ದೊಡ್ಡದು ಮಾಡಿಕೊಂಡು, ಕರೆ ಬಾರದಂತೆ ಏರೋಪ್ಲೇನ್ ಮೋಡ್‌ಗೆ ಹಾಕಿರಿ.

ಮೊದಲ ಸಂಕಲನಕ್ಕೆ ಎಷ್ಟು ಕವಿತೆ ಬೇಕು? ಅಚ್ಚು ಹೇಗೆ?

ನಲವತ್ತೈದರಿಂದ ಐವತ್ತೈದು. ಅದಕ್ಕೆ ನೂರು ಬರೆದಿರಬೇಕು. ಒಂದೇ ಪ್ರತಿಮೆ ಮೂರು ಕಡೆ ಬಂದಿದ್ದರೆ ಎರಡನ್ನು ತೆಗೆಯಿರಿ. ಸಾಲಾಗಿ ನಾಲ್ಕು ವಿರಹದ ಕವಿತೆ ಬಂದರೆ ಐದನೆಯದನ್ನು ಯಾರೂ ಓದುವುದಿಲ್ಲ.

ಡೆಮಿ 1/8 ಆಕಾರ ರೂಢಿ. ಅದರಲ್ಲಿ ಒಂದು ಫಾರಂ ಅಂದರೆ 16 ಪುಟ. 96 ಪುಟಕ್ಕೆ ಸರಿಯಾಗಿ ಆರು ಫಾರಂ. 99 ಪುಟ ಮಾಡಿದರೆ ಏಳನೇ ಫಾರಮ್ಮಿನ ಕಾಸು ಕೊಟ್ಟು 13 ಪುಟ ಖಾಲಿ ಬಿಟ್ಟ ಹಾಗೆ. ಶೀರ್ಷಿಕೆ, ಹಕ್ಕುಪುಟ, ಅರ್ಪಣೆ, ಪರಿವಿಡಿ, ಮುನ್ನುಡಿಗಳಿಗೆ ಹತ್ತು ಹನ್ನೆರಡು ಪುಟ ಬೇಕು, ಅದನ್ನು ಮೊದಲೇ ಕಳೆಯಿರಿ. ಒಳಪುಟಕ್ಕೆ 80 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್ಲಿಥೋ ಕಾಗದ, ರಕ್ಷಾಪುಟಕ್ಕೆ 300 ಜಿಎಸ್‌ಎಂ ಆರ್ಟ್ ಬೋರ್ಡ್ ಸಾಕು. ಸಾವಿರ ಪ್ರತಿ ಹಾಕಿಸಿ ಮಂಚದ ಕೆಳಗೆ ಇಡುವ ಬದಲು ಮುನ್ನೂರು ಹಾಕಿಸಿ, ಬೇಡಿಕೆ ಬಂದರೆ ಮರುಮುದ್ರಿಸಿ. ಅಂಗಡಿಯವರಿಗೆ ಬಿಡಬೇಕಾದ ರಿಯಾಯಿತಿ ಮುಖಬೆಲೆಯ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚೂ ಆಗಬಹುದು. ಬೆಲೆ ಇಡುವಾಗ ಅದನ್ನು ಸೇರಿಸಿಕೊಳ್ಳಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನದ ಯೋಜನೆ ಇದೆ, ಅರ್ಜಿ ಕರೆದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಅದಕ್ಕೆ ಹಸ್ತಪ್ರತಿ ಕೊಡಬೇಕು, ಅಚ್ಚಾದ ಪುಸ್ತಕ ನಡೆಯುವುದಿಲ್ಲ.

ಕೆಡುವುದು ಪುಟವಿನ್ಯಾಸದಲ್ಲಿ. ಉದ್ದ ಸಾಲು ಪುಟದಗಲ ಮೀರಿ ಕೆಳಗೆ ಬಿದ್ದರೆ ಓದುಗರಿಗೆ ಅದು ಹೊಸ ಸಾಲಿನಂತೆ ಕಾಣುತ್ತದೆ. ಬಿದ್ದ ತುಂಡನ್ನು ಒಳಕ್ಕೆ ಸರಿಸಿ ಇಡಲು ಹೇಳಿ. ಚರಣದ ನಡುವೆ ಪುಟ ಮುರಿಯದಿರಲಿ.

ನುಡಿಯಲ್ಲಿ ಟೈಪ್ ಮಾಡಿದ್ದು ಯೂನಿಕೋಡ್‌ಗೆ ಬದಲಿಸಿದಾಗ ಅಕ್ಷರ ಯಾಕೆ ಕೆಡುತ್ತದೆ?

ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಅಕ್ಷರಗಳಲ್ಲಿ ಅಕ್ಷರದ ತುಂಡುಗಳನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಜೋಡಿಸಿರುತ್ತಾರೆ, ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ಇಡುತ್ತದೆ. ಅರ್ಕಾವತ್ತು ಕಾಣುವುದು ಅಕ್ಷರದ ನಂತರ, ಉಚ್ಚಾರ ಅಕ್ಷರದ ಮೊದಲು. ಪರಿವರ್ತಿಸುವ ತಂತ್ರಾಂಶ ಎಡವುವುದು ಅಲ್ಲೇ. ಬದಲಿಸಿದ ಮೇಲೆ ‘ಸೂರ್ಯ’, ‘ವರ್ಷ’, ‘ಸ್ಪರ್ಶ’, ‘ಸೌಂದರ್ಯ’ ಪದಗಳನ್ನು ಹುಡುಕಿ ನೋಡಿ. ಪ್ರೇಮಕವಿತೆಯಲ್ಲಿ ಇವು ಬಾರದೇ ಇರುವುದಿಲ್ಲ. ಎರಡು ಒತ್ತು ಇರುವ ‘ಸ್ತ್ರೀ’, ‘ರಾಷ್ಟ್ರ’ಗಳನ್ನೂ ನೋಡಿ. ಕರಡು ತಿದ್ದುವಾಗ ಕೊನೆಯ ಪುಟದಿಂದ ಹಿಂದಕ್ಕೆ ಓದಿದರೆ ತಪ್ಪು ಬೇಗ ಕಾಣುತ್ತದೆ; ಮುಂದಕ್ಕೆ ಓದಿದರೆ ಬಾಯಿಪಾಠವಾದ ಸಾಲು ಕಣ್ಣನ್ನು ಎಳೆದುಕೊಂಡು ಹೋಗುತ್ತದೆ.

ಐಎಸ್‌ಬಿಎನ್ ಬೇಕೇ?

ಪುಸ್ತಕಕ್ಕೆ ಸಿಗುವ ಈ ಅಂತರರಾಷ್ಟ್ರೀಯ ಗುರುತು ಸಂಖ್ಯೆಯನ್ನು ತೆಗೆದುಕೊಳ್ಳಿ, ಉಚಿತ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಆನ್‌ಲೈನಿನಲ್ಲಿ ಕೊಡುತ್ತದೆ. ಅಚ್ಚಿನ ಪುಸ್ತಕಕ್ಕೊಂದು, ಇ-ಪುಸ್ತಕಕ್ಕೊಂದು ಬೇರೆ ಸಂಖ್ಯೆ. ನೀವೇ ಪ್ರಕಾಶಕರಾದರೆ 1954ರ ಕಾಯ್ದೆಯ ಪ್ರಕಾರ ಪುಸ್ತಕ ಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸುವುದು ನಿಮ್ಮ ಹೊಣೆ.

ನನ್ನ ಕವಿತೆ ಭಾವಗೀತೆ ಆಗಬೇಕು. ಏನು ಮಾಡಲಿ?

ಮೈಸೂರು ಅನಂತಸ್ವಾಮಿ ರಾಗ ಹಾಕಿದ ನಿಸಾರರ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂತು, ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಅದು. ಆಮೇಲೆ ಸಿ. ಅಶ್ವಥ್ ಮೊದಲಾದವರಿಂದ ಸುಗಮ ಸಂಗೀತ ಮನೆಮನೆ ತಲುಪಿತು. ಅಲ್ಲಿ ನಿಂತ ಕವಿತೆಗಳನ್ನು ಗಮನಿಸಿ: ಮೊದಲ ಎರಡು ಸಾಲು ಪಲ್ಲವಿಯಾಗಿ ಮತ್ತೆ ಮತ್ತೆ ಬಂದರೂ ಬೇಸರವಾಗದು, ಎರಡೋ ಮೂರೋ ಚರಣ, ಒಟ್ಟು ಹನ್ನೆರಡರಿಂದ ಹದಿನಾರು ಸಾಲು, ಎಲ್ಲ ಚರಣಕ್ಕೂ ಒಂದೇ ಅಳತೆ. ಒಂದನೇ ಚರಣದಲ್ಲಿ 14 ಮಾತ್ರೆ, ಎರಡನೆಯದರಲ್ಲಿ 16 ಇದ್ದರೆ ರಾಗ ಹಾಕುವವರು ನಿಮ್ಮ ಪದ ಕತ್ತರಿಸಲೇಬೇಕಾಗುತ್ತದೆ. ಆ ಕತ್ತರಿಯನ್ನು ನೀವೇ ಹಿಡಿಯುವುದು ಒಳ್ಳೆಯದು.

ಸಿನಿಮಾದಲ್ಲಿ ಟ್ಯೂನ್ ಮೊದಲು ಕೊಡುತ್ತಾರೆ. ಅದಕ್ಕೆ ಬರೆಯುವ ಕ್ರಮ ಏನು?

ಸನ್ನಿವೇಶವನ್ನು ನಿರ್ದೇಶಕರ ಬಾಯಲ್ಲೇ ಕೇಳಿ: ಯಾರು ಯಾರಿಗೆ ಹಾಡುತ್ತಾರೆ, ಒಪ್ಪಿಗೆ ಆಗಿದೆಯೋ ಇಲ್ಲವೋ, ಹಾಡು ಮುಗಿದಾಗ ಕತೆ ಎಲ್ಲಿರಬೇಕು. ಟ್ಯೂನನ್ನು ಫೋನಿಗೆ ಹಾಕಿಕೊಂಡು ಒಂದು ದಿನ ಪದವಿಲ್ಲದೆ ಗುನುಗಿ. ಆಮೇಲೆ ಕಾಗದದ ಮೇಲೆ ‘ತಾನನ ತಾನನ’ ಎಂದು ಸ್ವರಗಳ ಉದ್ದ ಬರೆದುಕೊಂಡು, ಪೆಟ್ಟು ಬೀಳುವ ಜಾಗಕ್ಕೆ ಒಂದು ಗೆರೆ, ಎಳೆಯುವ ಜಾಗಕ್ಕೆ ಎರಡು ಗೆರೆ ಹಾಕಿ. ಈ ನಕ್ಷೆ ಇಲ್ಲದೆ ಪದ ಹುಡುಕಲು ಹೋಗಬೇಡಿ.

ಎಳೆಯುವ ಜಾಗದಲ್ಲಿ ದೀರ್ಘವೇ ಬರಬೇಕು. ಅಲ್ಲಿ ‘ಮನ’ ಇಟ್ಟರೆ ಹಾಡುವಾಗ ‘ಮಾನ’ ಆಗುತ್ತದೆ, ‘ಬಳಿ’ ‘ಬಾಳಿ’ಯಾಗುತ್ತದೆ. ಮೇಲಿನ ಸ್ವರಕ್ಕೆ ಆ, ಓ ಇರುವ ಅಕ್ಷರ ಕೊಡಿ, ಬಾಯಿ ತೆರೆದುಕೊಳ್ಳುತ್ತದೆ. ಹ್ರಸ್ವ ಇ, ಉ ಅಲ್ಲಿ ಹಿಂಡಿದ ಹಾಗೆ ಕೇಳುತ್ತದೆ. ಪೆಟ್ಟು ಪದದ ಹೊಟ್ಟೆಗೆ ಬೀಳದಂತೆ ನೋಡಿ. ‘ಬಾನಲಿ’ಯ ನಡುವೆ ತಾಳ ಬಿದ್ದರೆ ಕೇಳುವವರಿಗೆ ‘ಬಾ, ನಲಿ’ ಅನ್ನಿಸುತ್ತದೆ. ಪಲ್ಲವಿಗೆ ನಾಲ್ಕೈದು ಬೇರೆ ಬೇರೆ ಬಗೆ ಬರೆದುಕೊಂಡು ಹೋಗಿ; ಮೊದಲನೆಯದೇ ಒಪ್ಪಿಗೆಯಾಗುವುದು ಅಪರೂಪ. ಕನ್ನಡ ಬಾರದ ಗಾಯಕರಿದ್ದರೆ ರೆಕಾರ್ಡಿಂಗಿನ ದಿನ ತಪ್ಪದೆ ಹೋಗಿ. ಳ ಮತ್ತು ಲ, ಹ ಮತ್ತು ಅ, ಹ್ರಸ್ವ ದೀರ್ಘ ಇವನ್ನು ಅಲ್ಲೇ ತಿದ್ದಬೇಕು. ‘ಬಾಳು’ ‘ಬಾಲು’ ಆಗಿ ಅಚ್ಚೊತ್ತಿಬಿಟ್ಟರೆ ಮತ್ತೆ ತಿದ್ದಲಾಗದು.

ಒಪ್ಪಂದದಲ್ಲಿ ಏನೇನು ನೋಡಬೇಕು?

ಮೊದಲಿಗೆ, ಒಪ್ಪಂದ ಇರಬೇಕು. ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗದಿದ್ದರೆ ಸಿಂಧುವಲ್ಲ ಎನ್ನುತ್ತದೆ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಹಣ ಎಂದು ಬರೆದಿರಬೇಕು. ಕಾಲ ಬರೆಯದಿದ್ದರೆ 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಅರ್ಥ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಅದು ಬಿದ್ದುಹೋಗುತ್ತದೆ.

ಹಾಡು ಬರೆಯುವವರಿಗೆ 2012ರ ತಿದ್ದುಪಡಿ ದೊಡ್ಡ ಬಲ. ಚಿತ್ರಮಂದಿರದಲ್ಲಿ ಸಿನಿಮಾದ ಭಾಗವಾಗಿ ಬರುವುದನ್ನು ಬಿಟ್ಟು ಉಳಿದ ಬಳಕೆಗಳಲ್ಲಿ, ಅಂದರೆ ರೇಡಿಯೋ, ಟಿವಿ, ಸ್ಟ್ರೀಮಿಂಗ್, ವೇದಿಕೆಗಳಲ್ಲಿ, ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಗೀತರಚನಕಾರರು ಬಿಟ್ಟುಕೊಡುವಂತಿಲ್ಲ. ವಾರಸುದಾರರಿಗೆ ಅಥವಾ ಹಣ ಸಂಗ್ರಹಿಸುವ ಕೃತಿಸ್ವಾಮ್ಯ ಸಂಘಕ್ಕೆ ಮಾತ್ರ ಕೊಡಬಹುದು. ‘ಎಲ್ಲ ಹಕ್ಕೂ ಶಾಶ್ವತವಾಗಿ ನಿರ್ಮಾಪಕರದ್ದು’ ಎಂಬ ಸಾಲಿಗೆ ಸಹಿ ಹಾಕಿದ್ದರೂ ಈ ಪಾಲು ನಿಮ್ಮದೇ. ಅದು ಕೈಗೆ ಬರಬೇಕಾದರೆ ಅಂಥ ಸಂಘವಾದ ಐಪಿಆರ್‌ಎಸ್‌ನ ಸದಸ್ಯರಾಗಿ, ಪ್ರತಿ ಹಾಡನ್ನೂ ಶೀರ್ಷಿಕೆ, ಸಂಗೀತ ನಿರ್ದೇಶಕರು, ಚಿತ್ರ, ಗಾಯಕರ ವಿವರದೊಂದಿಗೆ ದಾಖಲಿಸಿ. ಶೀರ್ಷಿಕೆಯ ಕಾಗುಣಿತ ಒಂದೊಂದು ಕಡೆ ಒಂದೊಂದು ಥರ ಇದ್ದರೆ ಹಣ ಯಾರ ಲೆಕ್ಕಕ್ಕೂ ಸೇರದೆ ನಿಲ್ಲುತ್ತದೆ.

ಹೆಸರು ಹಾಕಿಸಿಕೊಳ್ಳುವ ಹಕ್ಕು, ಕೃತಿಯನ್ನು ಕೆಡಿಸಿ ಮಾನಹಾನಿ ಮಾಡಿದರೆ ತಡೆಯುವ ಹಕ್ಕು 57ನೇ ಕಲಂನಲ್ಲಿವೆ. ಹಕ್ಕು ಮಾರಿದ ಮೇಲೂ ಇವು ಉಳಿಯುತ್ತವೆ. ಕೃತಿಸ್ವಾಮ್ಯ ನೋಂದಣಿ ಕಡ್ಡಾಯವಲ್ಲ. ಮಾಡಿಸುವುದಾದರೆ ಸಾಹಿತ್ಯ ಕೃತಿಗೆ 500 ರೂಪಾಯಿ ಶುಲ್ಕ, ಆಕ್ಷೇಪಣೆಗೆ 30 ದಿನ ಕಾಯಬೇಕು.

ಹೆಸರಿಲ್ಲದೆ ನನ್ನ ಸಾಲು ಇನ್‌ಸ್ಟಾಗ್ರಾಮ್‌ನಲ್ಲಿ ಓಡಾಡುತ್ತಿದೆ.

ಮೊದಲು ಸ್ಕ್ರೀನ್‌ಶಾಟ್ ತೆಗೆದು, ಕೊಂಡಿ ಬರೆದಿಟ್ಟುಕೊಳ್ಳಿ. ನಯವಾಗಿ ಒಂದು ಸಂದೇಶ ಕಳಿಸಿ, ಎಷ್ಟೋ ಜನ ತಿಳಿಯದೆ ಹಾಕಿರುತ್ತಾರೆ, ಹೆಸರು ಸೇರಿಸುತ್ತಾರೆ. ಒಪ್ಪದಿದ್ದರೆ ಜಾಲತಾಣಕ್ಕೆ ಬರಹದಲ್ಲಿ ದೂರು ಕೊಡಿ. ನಿಯಮದ ಪ್ರಕಾರ ದೂರು ಸಮರ್ಪಕವಾಗಿದ್ದರೆ 36 ಗಂಟೆಯೊಳಗೆ ತೆಗೆಯಬೇಕು. 21 ದಿನದೊಳಗೆ ನೀವು ನ್ಯಾಯಾಲಯದ ಆದೇಶ ತರದಿದ್ದರೆ ಅವರು ಮತ್ತೆ ತೋರಿಸಬಹುದು.

ಹಿರಿಯ ಕವಿಯ ಪದ್ಯಕ್ಕೆ ನಾನು ರಾಗ ಹಾಕಿ ಯೂಟ್ಯೂಬ್‌ಗೆ ಏರಿಸಬಹುದೆ?

ಕವಿ ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಹಕ್ಕು ಇರುತ್ತದೆ. ಬಿ.ಎಂ.ಶ್ರೀ. ತೀರಿಕೊಂಡದ್ದು 1946, ಅವರದು ಮುಕ್ತ. ಬೇಂದ್ರೆಯವರದು 2041ರ ಕೊನೆಯವರೆಗೆ, ಕುವೆಂಪು ಅವರದು 2054ರವರೆಗೆ, ನರಸಿಂಹಸ್ವಾಮಿಯವರದು 2063ರವರೆಗೆ. ವಾರಸುದಾರರನ್ನು ಬರಹದಲ್ಲಿ ಕೇಳಿ.

ಪ್ರಶಸ್ತಿಗಳು?

ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ 35 ವರ್ಷದೊಳಗಿನವರಿಗೆ, ಮೊತ್ತ 50,000 ರೂಪಾಯಿ. ರಾಜ್ಯ ಅಕಾಡೆಮಿ ವರ್ಷದ ಪುಸ್ತಕಗಳಿಗೆ ಬಹುಮಾನ ಕೊಡುತ್ತದೆ. ಗಡುವು ನೋಡಿಕೊಳ್ಳಿ, ಉಳಿದದ್ದು ನಿಮ್ಮ ಕೈಯಲ್ಲಿಲ್ಲ.

ವಯಸ್ಸಾದ ಮೇಲೆ ಪ್ರೇಮಕವಿತೆ ಬರೆದರೆ ಚೆಂದವೆ?

‘ಮೈಸೂರ ಮಲ್ಲಿಗೆ’ ಬಂದಾಗ ನರಸಿಂಹಸ್ವಾಮಿಯವರಿಗೆ 27. ನವ್ಯದ ಗಾಳಿ ಬೀಸುತ್ತಿದ್ದಾಗ 1958ರಲ್ಲಿ ‘ಶಿಲಾಲತೆ’ ಬಂತು, ಮಾತು ಬಿಗಿಯಾಯಿತು. ‘ತೆರೆದ ಬಾಗಿಲು’ ಸಂಕಲನಕ್ಕೆ 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರಿಗೆ ಅರವತ್ತು ದಾಟಿತ್ತು. ಮೊದಲ ಸಂಕಲನದ ಪದ್ಯಗಳು ಸಿನಿಮಾದಲ್ಲಿ ಹಾಡಾಗಿ ರಾಷ್ಟ್ರಪ್ರಶಸ್ತಿ ತಂದಾಗ ಅವರು ಎಪ್ಪತ್ತೈದು ದಾಟಿದ್ದರು. ಎಂಬತ್ತರ ಹತ್ತಿರ ‘ದುಂಡು ಮಲ್ಲಿಗೆ’ ಎಂದು ಇನ್ನೊಂದು ಸಂಕಲನಕ್ಕೆ ಹೆಸರಿಟ್ಟರು.